ಕೆಂಚನ ಫೋಟೋ: ಬೆಕ್ಕಿನ ಕಡೆಯಿಂದ ಕ್ಯಾಮೆರಾ ನೋಡಿದರೆ

ನಮ್ಮ ದೊಡ್ಡಮ್ಮನ ಊರು ತಿಪಟೂರಿನ ಹತ್ತಿರ. ಅವರ ಮನೆಯಲ್ಲಿ ಒಂದು ಕೆಂಚು ಬೆಕ್ಕಿದೆ. ಹೆಸರು ಕೆಂಚ. ತುಂಬಾ ತಲೆ ಕೆಡಿಸಿಕೊಂಡು ಇಟ್ಟ ಹೆಸರೇನಲ್ಲ. ಪಕ್ಕದ ಮನೆಯಲ್ಲೂ ಅದಕ್ಕೊಂದು ತಟ್ಟೆ ಇದೆ. ಅಲ್ಲಿ ಅದರ ಹೆಸರು ಸಿದ್ದ. ಬೆಳಗ್ಗೆ ಇಲ್ಲಿ ಮುದ್ದೆಗೆ ಕಲಸಿದ ಹಾಲು, ಸಂಜೆ ಅಲ್ಲಿ ಕೆರೆ ಮೀನಿನ ಚೂರು. ಇದು ಯಾರ ಮನೆ ಬೆಕ್ಕು ಅನ್ನುವ ತಕರಾರು ಎರಡು ವರ್ಷದಿಂದ ನಡೆಯುತ್ತಿದೆ.

ಸಂಕ್ರಾಂತಿಗೆ ಹೋದಾಗ ದೊಡ್ಡಮ್ಮ ನನ್ನ ಬ್ಯಾಗ್ ನೋಡಿ ಹೇಳಿದರು, "ಕ್ಯಾಮ್ರಾ ಹೊತ್ಕೊಂಡು ಊರೆಲ್ಲ ತಿರುಗ್ತೀಯಲ್ಲಪ್ಪ, ನಮ್ಮ ಕೆಂಚಂದು ಒಂದು ಫೋಟೋ ತೆಗಿ. ಎಡಗಿವಿ ಹರಿದಿರೋದು ಕಾಣ್ಬೇಕು. ಗೋಡೆಗೆ ಹಾಕ್ತೀನಿ. ಯಾರ ಮನೇದು ಅಂತ ಬಂದೋರಿಗೆಲ್ಲ ಗೊತ್ತಾಗ್ಲಿ."

ಇದೇನು ಮಹಾ ಕೆಲಸ ಅಂದುಕೊಂಡೆ. ಕೆಂಚ ಕೊಬ್ಬರಿ ಅಟ್ಟದ ಮೇಲಿತ್ತು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಕೊಬ್ಬರಿ ಗಿಟುಕು ಲೊಟಲೊಟ ಅನ್ನುವವರೆಗೆ ಅದು ಅಲ್ಲೇ. ಅಷ್ಟು ದಿನ ಕಾಯಿ ಇದ್ದ ಮೇಲೆ ಇಲಿ ಇಲ್ಲದಿರುತ್ತದಾ? ಇಲಿ ಇದ್ದ ಮೇಲೆ ಕೆಂಚನಿಗೆ ಅಲ್ಲೇ ಡ್ಯೂಟಿ. ಏಣಿ ಹತ್ತಿ ತಲೆ ತೂರಿಸಿದೆ. ಕತ್ತಲಲ್ಲಿ ಎರಡು ಹಸಿರು ಕಣ್ಣು. ಕ್ಯಾಮೆರಾ ಆಟೋದಲ್ಲಿತ್ತು, ಫ್ಲ್ಯಾಶ್ ತಾನಾಗಿ ಎದ್ದು ಫಳ್ ಅಂದಿತು. ಕೆಂಚ ನನ್ನ ಹೆಗಲ ಮೇಲೆ ಕಾಲಿಟ್ಟೇ ಹಾರಿ ಹೋಯಿತು. ಫೋಟೋದಲ್ಲಿ ಸಿಕ್ಕಿದ್ದು ಎರಡು ಬಲ್ಬಿನಂಥ ಕಣ್ಣು, ಸುತ್ತ ಕಾಯಿ ರಾಶಿ. ಕಿವಿಯ ಸುಳಿವೇ ಇಲ್ಲ.

ಆಮೇಲೆ ಮೂರು ದಿನ ನಾನು ಜಗುಲಿಗೆ ಬಂದರೆ ಅದು ಹಿತ್ತಲಿಗೆ, ನಾನು ಹಿತ್ತಲಿಗೆ ಹೋದರೆ ಅದು ಬಣವೆ ಮೇಲಕ್ಕೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಒಮ್ಮೆ ಬಿಸಿ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ. ಚಿಕ್ಕವರಿದ್ದಾಗ ನಾವು ಆ ಕಥೆಗೆ ನಕ್ಕಿದ್ದು ರಾಮಕೃಷ್ಣನ ಜಾಣತನಕ್ಕೆ. ಈಗ ಯೋಚಿಸಿದರೆ ಅದರಲ್ಲಿ ಬೆಕ್ಕಿನ ಬಗ್ಗೆ ಒಂದು ನಿಜ ಇದೆ. ಒಂದು ಸಲದ ಹೆದರಿಕೆ ಸಾಕು, ಬೆಕ್ಕು ಮರೆಯುವುದಿಲ್ಲ. ನನ್ನ ಕ್ಯಾಮೆರಾ ಕೆಂಚನ ಪಾಲಿಗೆ ಬಿಸಿ ಹಾಲಿನ ಬಟ್ಟಲಾಗಿತ್ತು.

ಬೆಕ್ಕಿನ ಫೋಟೋ ತೆಗೆಯುವುದು ಕಷ್ಟ ಅನ್ನುವವರು ಸಾಮಾನ್ಯವಾಗಿ ತಪ್ಪು ಹೊರಿಸುವುದು ಬೆಕ್ಕಿನ ಮೇಲೆ. ಕೊಬ್ಬು ಜಾಸ್ತಿ, ಮಾತು ಕೇಳಲ್ಲ, ಬೇಕಂತಲೇ ಮುಖ ತಿರುಗಿಸುತ್ತದೆ ಅಂತ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬೆಕ್ಕು ಮುಖ ತಿರುಗಿಸುವುದಕ್ಕೆ ಕಾರಣ ಇದೆ. ಅದರ ಕಣ್ಣು, ಕಿವಿ, ದಿನಚರಿ ನಮ್ಮಂತೆ ಇಲ್ಲ. ಅದನ್ನು ಸ್ವಲ್ಪ ತಿಳಿದುಕೊಂಡರೆ ಕ್ಯಾಮೆರಾದಲ್ಲಿ ಏನು ಮಾಡಬೇಕು ಅನ್ನುವುದೂ ಅಲ್ಲಿಂದಲೇ ಗೊತ್ತಾಗುತ್ತದೆ.

ಕತ್ತಲಿಗೆ ಮಾಡಿದ ಕಣ್ಣು

ಮೊದಲು ಆ ಹಸಿರು ಬಲ್ಬಿನ ವಿಚಾರ. ಬೆಕ್ಕಿನ ಕಣ್ಣಿನ ಒಳಗೆ, ಬೆಳಕನ್ನು ಹಿಡಿಯುವ ಪರದೆಯ ಹಿಂದೆ, ಕನ್ನಡಿಯಂಥ ಒಂದು ಪದರ ಇದೆ. ಟಪೀಟಮ್ ಲೂಸಿಡಮ್ ಅಂತ ಅದರ ಹೆಸರು. ಪರದೆಯನ್ನು ದಾಟಿ ಹೋದ ಬೆಳಕನ್ನು ಇದು ವಾಪಸ್ ಕಳಿಸುತ್ತದೆ, ಅಂದರೆ ಅದೇ ಬೆಳಕು ಎರಡನೇ ಸಲ ಕೆಲಸಕ್ಕೆ ಬರುತ್ತದೆ. ನಮಗೆ ಕಾಣಲು ಬೇಕಾದ ಬೆಳಕಿನ ಆರನೇ ಒಂದು ಪಾಲು ಇದ್ದರೂ ಬೆಕ್ಕಿಗೆ ಸಾಕು ಅನ್ನುವುದಕ್ಕೆ ಇದೂ ಒಂದು ಕಾರಣ. ರಾತ್ರಿ ಬೈಕಿನ ದೀಪಕ್ಕೆ ಬೇಲಿ ಪಕ್ಕ ಎರಡು ಕಣ್ಣು ಮಿಂಚುತ್ತವಲ್ಲ, ಅದು ಈ ಕನ್ನಡಿಯಿಂದ ಹೊರಗೆ ಬಂದ ಬೆಳಕು.

ಇನ್ನು ಪಾಪೆ. ನಮ್ಮದು ದುಂಡು, ಬೆಕ್ಕಿನದು ನಡುಹಗಲಲ್ಲಿ ನಿಂತ ಗೆರೆ. ದುಂಡು ಪಾಪೆಗಿಂತ ಗೆರೆ ಪಾಪೆ ತುಂಬಾ ಜಾಸ್ತಿ ಮುಚ್ಚಿ ತೆರೆಯಬಲ್ಲದು. 2015ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ ಹೀಗಿದೆ: ಮನುಷ್ಯರ ಪಾಪೆ ಪೂರ್ತಿ ಕಿರಿದಾದಾಗ ಮತ್ತು ಪೂರ್ತಿ ಅರಳಿದಾಗ ಅದರ ವಿಸ್ತಾರದಲ್ಲಿ ಸುಮಾರು 15 ಪಟ್ಟು ವ್ಯತ್ಯಾಸ. ಬೆಕ್ಕಿನದರಲ್ಲಿ 135 ಪಟ್ಟು.

ಈಗ ಆ ಅಟ್ಟವನ್ನು ಮತ್ತೆ ನೆನಪಿಸಿಕೊಳ್ಳಿ. ಕತ್ತಲು. ಪಾಪೆ ಪೂರ್ತಿ ಅರಳಿದೆ. ಹಿಂದೆ ಕನ್ನಡಿ ಬೇರೆ. ಎರಡು ಮಾರು ದೂರದಿಂದ ಫ್ಲ್ಯಾಶ್. ನಮಗೇ ಕಣ್ಣು ಕತ್ತಲೆ ಬರುತ್ತದೆ, ಕೆಂಚನಿಗೆ ಹೇಗಾಗಿರಬೇಕು! ಒಂದು ಫ್ಲ್ಯಾಶಿಗೆ ಬೆಕ್ಕಿನ ಕಣ್ಣು ಹೋಗುತ್ತದೆ ಅಂತ ಹೆದರಿಸುವುದು ಅತಿಯಾಯಿತು. ಆದರೆ ಹೆದರಿಕೆ ಆಗುವುದಂತೂ ಖಂಡಿತ, ಫೋಟೋ ಕೆಡುವುದೂ ಖಂಡಿತ. ಹಾಗಾಗಿ ಫ್ಲ್ಯಾಶ್ ಆರಿಸಿಬಿಡಿ. ಕೆಲವು ಕ್ಯಾಮೆರಾಗಳಲ್ಲಿ ಫೋಕಸ್‌ಗೆ ಸಹಾಯ ಮಾಡಲು ಒಂದು ಕಿತ್ತಳೆ ದೀಪ ಹತ್ತುತ್ತದೆ, ಮೆನುವಿನಲ್ಲಿ ಹುಡುಕಿ ಅದನ್ನೂ ಆರಿಸಿ. ಮೊಬೈಲಿನ ಟಾರ್ಚ್ ಹಿಡಿದು "ಇಲ್ಲಿ ನೋಡು, ಇಲ್ಲಿ ನೋಡು" ಅನ್ನುವವರನ್ನು ಸುಮ್ನೆ ಟೀ ಮಾಡಲು ಒಳಗೆ ಕಳಿಸಿ.

ಪಾಪೆಯಿಂದ ಇನ್ನೂ ಒಂದು ಉಪಯೋಗ ಇದೆ. ಅದು ಬೆಳಕಿನ ಮೀಟರ್ ಇದ್ದ ಹಾಗೆ. ಗೆರೆಯಾಗಿದ್ದರೆ ಮುಖದ ಮೇಲೆ ಬೆಳಕು ಜಾಸ್ತಿ ಬಿದ್ದಿದೆ, ಫೋಟೋದಲ್ಲಿ ಬೆಕ್ಕು ಸ್ವಲ್ಪ ಸಿಡುಕಿನ ಮುಖದ್ದಾಗಿ ಕಾಣುತ್ತದೆ. ನೆರಳಿಗೆ ಬಂದರೆ ಪಾಪೆ ಅರಳಿ ಅದೇ ಬೆಕ್ಕು ಮಗುವಿನ ಮುಖದ್ದಾಗುತ್ತದೆ. ಆದರೆ ಹುಷಾರು. ಒಳ್ಳೆ ಬೆಳಕಿದ್ದೂ ಪಾಪೆ ದುಂಡಗೆ ಅರಳಿದ್ದರೆ ಅದು ಬೆಳಕಿನ ವಿಷಯವಲ್ಲ. ಒಂದೋ ಬೆಕ್ಕು ಆಟದ ಗುಂಗಿನಲ್ಲಿದೆ, ಇಲ್ಲವೇ ಹೆದರಿದೆ. ಯಾವುದು ಅಂತ ಕಿವಿ, ಬಾಲ ನೋಡಿ ತಿಳಿಯಬೇಕು.

ಕಣ್ಣಿನ ಬಗ್ಗೆ ಕೊನೆಯದಾಗಿ ಒಂದು ಮಾತು. ಇಷ್ಟೆಲ್ಲ ಇದ್ದೂ ಬೆಕ್ಕಿಗೆ ತೀರಾ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಸುಮಾರು 25 ಸೆಂಟಿಮೀಟರಿಗಿಂತ ಒಳಗೆ ಬಂದ ವಸ್ತು ಅದಕ್ಕೆ ಮಂಜು ಮಂಜು. ಅಲ್ಲಿ ಮೀಸೆಯೇ ಅದರ ಕಣ್ಣು. ನಾವು ಏನು ಮಾಡುತ್ತೇವೆ? ಮೊಬೈಲನ್ನು ಅದರ ಮೂಗಿಗೇ ಹಿಡಿಯುತ್ತೇವೆ. ಮಂಜಾಗಿ ಕಾಣುವ ಕಪ್ಪು ಹಲಗೆಯೊಂದು ಮುಖದ ಮೇಲೆ ಬರುತ್ತಿದ್ದರೆ ಯಾರು ತಾನೇ ಕೂತಿರುತ್ತಾರೆ?

ದೂರ ನಿಂತರೆ ಇಬ್ಬರಿಗೂ ಒಳ್ಳೆಯದು

ದೂರದ ವಿಷಯದಲ್ಲಿ ಬೆಕ್ಕಿಗೆ ಬೇಕಾದದ್ದೂ ಲೆನ್ಸಿಗೆ ಬೇಕಾದದ್ದೂ ಒಂದೇ ಆಗಿದೆ. ನನಗೆ ಇದು ತುಂಬಾ ಇಷ್ಟವಾದ ವಿಚಾರ.

ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಅದರಲ್ಲಿ ಬೆಕ್ಕಿನ ಮುಖ ತುಂಬಿಸಬೇಕು ಅಂದರೆ ಒಂದು ಗೇಣಿನಷ್ಟು ಹತ್ತಿರ ಹೋಗಬೇಕು. ಅಷ್ಟು ಹತ್ತಿರದಿಂದ ಮೂಗು ಆಲೂಗಡ್ಡೆಯಂತೆ, ಕಿವಿಗಳು ಎಲ್ಲೋ ಹಿಂದೆ ಸಣ್ಣದಾಗಿ ಬರುತ್ತವೆ. ಮುಖದ ಆಕಾರ ಕೆಡುವುದು ಲೆನ್ಸಿನ ದೋಷವಲ್ಲ, ಹತ್ತಿರ ಹೋದದ್ದರ ಫಲ. ಒಂದೂವರೆ ಮೀಟರ್ ಹಿಂದೆ ಸರಿದು 2 ಪಟ್ಟು ಅಥವಾ 3 ಪಟ್ಟಿನ ಜೂಮ್ ಹಾಕಿದರೆ ಮುಖ ಮುಖದ ಹಾಗೇ ಬರುತ್ತದೆ. ಬೆಕ್ಕೂ ನೆಮ್ಮದಿಯಾಗಿರುತ್ತದೆ.

ದೊಡ್ಡ ಕ್ಯಾಮೆರಾದಲ್ಲಿ ಹತ್ತಿರ ಹೋದರೆ ಬೇರೆ ತೊಂದರೆ. ಒಂದು ಲೆಕ್ಕ ಹೇಳುತ್ತೇನೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ, 50 ಎಂಎಂ ಲೆನ್ಸ್, ಎಫ್/1.8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಂಕಿ ಇದು, ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ಬೆಕ್ಕು 60 ಸೆಂಟಿಮೀಟರ್ ದೂರದಲ್ಲಿ. ಆಗ ಸ್ಪಷ್ಟವಾಗಿ ಬರುವ ಪಟ್ಟಿ ಬರೀ ಒಂದೂವರೆ ಸೆಂಟಿಮೀಟರ್ ದಪ್ಪ. ಬೆಕ್ಕಿನ ಮೂಗಿನ ತುದಿಯಿಂದ ಕಣ್ಣಿಗೆ ಅದಕ್ಕಿಂತ ಜಾಸ್ತಿ ಅಂತರ ಇರುತ್ತದೆ. ಮೂಗಿಗೆ ಫೋಕಸ್ ಕೂತರೆ ಕಣ್ಣು ಮಸುಕು. ಕಣ್ಣು ಮಸುಕಾದ ಫೋಟೋಕ್ಕೆ ಜೀವ ಇರುವುದಿಲ್ಲ. ಎಫ್/4ಕ್ಕೆ ಹೋದರೆ ಆ ಪಟ್ಟಿ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಇನ್ನೊಂದು ಹೆಜ್ಜೆ ಹಿಂದೆ ಸರಿದರೆ ಇನ್ನೂ ಜಾಸ್ತಿ. ಹಿನ್ನೆಲೆ ಬೆಣ್ಣೆಯಂತೆ ಕರಗಬೇಕು ಅನ್ನುವ ಆಸೆಗೆ ಎಫ್/1.8 ಹಾಕುವವರು ಬಹಳ. ಬೆಕ್ಕಿನಿಂದ ಗೋಡೆ ದೂರ ಇದ್ದರೆ ಎಫ್/4ರಲ್ಲೂ ಹಿನ್ನೆಲೆ ಕರಗುತ್ತದೆ.

ಮೊಬೈಲಿನ ಪೋರ್ಟ್ರೇಟ್ ಮೋಡ್ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಿಲ್ಲ. ಅದು ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಮೀಸೆ ಕೂದಲು ಮುಖಕ್ಕೆ ಸೇರಿದ್ದೋ ಗೋಡೆಗೆ ಸೇರಿದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ಅರ್ಧ ಮೀಸೆ ಬೋಳಿಸಿದ ಬೆಕ್ಕು ನಿಮಗೆ ಸಿಗುತ್ತದೆ.

ಕಣ್ಣಿಗೆ ಫೋಕಸ್ ಕೂರಿಸುವ ಕೆಲಸ ಈಗ ಮೊದಲಿನಷ್ಟು ಕಷ್ಟವಿಲ್ಲ. ಪ್ರಾಣಿಗಳ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಸೌಲಭ್ಯವನ್ನು ಸೋನಿ 2019ರಲ್ಲಿ ತನ್ನ ಕೆಲವು ಕ್ಯಾಮೆರಾಗಳಿಗೆ ತಂದಿತು. ಈಗ ಬೇರೆ ಕಂಪನಿಗಳಲ್ಲೂ ಇದೆ. ಇಲ್ಲದಿದ್ದರೂ ಚಿಂತೆ ಇಲ್ಲ. ಒಂದೇ ಫೋಕಸ್ ಚುಕ್ಕೆ ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ.

ಬೆಳಕಿದ್ದಾಗ ಮಲಗಿರುತ್ತದೆ, ಎದ್ದಾಗ ಬೆಳಕಿರುವುದಿಲ್ಲ

ಬೆಕ್ಕಿನ ಫೋಟೋದ ನಿಜವಾದ ತೊಡಕು ಇದು. ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತದೆ. ಚುರುಕಾಗಿ ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಇಲಿ, ಹೆಗ್ಗಣ ಹೊರಡುವ ಹೊತ್ತೂ ಅದೇ ತಾನೇ. ಆಗ ಬೆಕ್ಕಿಗೆ ಬೆಳಕು ಸಾಕು, ಕ್ಯಾಮೆರಾಕ್ಕೆ ಸಾಲದು.

ಬೆಳಕು ಕಡಿಮೆ ಅಂದರೆ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು. ಆ ಹೊತ್ತಿನಲ್ಲಿ ಬೆಕ್ಕು ಅಲ್ಲಾಡಿದರೆ ಚಿತ್ರ ಎಳೆದಂತಾಗುತ್ತದೆ. ಸುಮ್ನೆ ನಡೆಯುವ ಬೆಕ್ಕು ಸೆಕೆಂಡಿಗೆ ಒಂದು ಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 1/60 ಸೆಕೆಂಡಿನಲ್ಲಿ ಅದು ಸುಮಾರು 1.7 ಸೆಂಟಿಮೀಟರ್ ಸರಿದಿರುತ್ತದೆ. ಮುಖ ಪೂರ್ತಿ ಅಳಿಸಿಹೋಗಲು ಅಷ್ಟು ಸಾಕು. 1/500ರಲ್ಲಿ ಸರಿಯುವುದು 2 ಮಿಲಿಮೀಟರ್. ಹಾರುವ ಬೆಕ್ಕು ಇದರ ಮೂರು ಪಟ್ಟು ವೇಗದಲ್ಲಿದ್ದರೆ 1/1000 ಬೇಕು. ಮಲಗಿದ ಬೆಕ್ಕಿಗೆ 1/100 ಆದರೂ ನಡೆಯುತ್ತದೆ. ಕೂತು ಆಕಡೆ ಈಕಡೆ ನೋಡುವ ಬೆಕ್ಕಿಗೆ 1/250. ಇದಕ್ಕೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಬೇಕಾದರೆ ಏರಿಸಿ, 3200 ಆದರೂ ಪರವಾಗಿಲ್ಲ. ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಂಡರೆ ಸಹಿಸಬಹುದು. ಎಳೆದುಹೋದ ಮುಖಕ್ಕೆ ಔಷಧಿ ಇಲ್ಲ.

ಹಾರುವ ಬೆಕ್ಕು ಅಂದಾಗ ಒಂದು ಹಳೇ ಕಥೆ ನೆನಪಾಗುತ್ತದೆ. ಬೆಕ್ಕನ್ನು ಹೇಗೆ ಎಸೆದರೂ ಕಾಲ ಮೇಲೇ ಬೀಳುತ್ತದೆ ಅಂತ ನಮ್ಮೂರಲ್ಲೂ ಹೇಳುತ್ತಾರಲ್ವಾ? 1894ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಅನ್ನುವ ವಿಜ್ಞಾನಿ ಇದನ್ನು ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿದರು. ಬೆಕ್ಕಿನ ನಾಲ್ಕೂ ಕಾಲು ಹಿಡಿದು ತಲೆಕೆಳಗು ಮಾಡಿ ಬಿಟ್ಟರು. ಗಾಳಿಯಲ್ಲೇ ಮೈಯ ಮುಂಭಾಗ, ಹಿಂಭಾಗ ಬೇರೆ ಬೇರೆಯಾಗಿ ತಿರುಚಿಕೊಂಡು ಅದು ನೆಟ್ಟಗಾಗುವುದು ಚಿತ್ರಗಳಲ್ಲಿ ಸ್ಪಷ್ಟವಾಗಿ ಬಂತು. ನೇಚರ್ ಪತ್ರಿಕೆ ಅದೇ ವರ್ಷ ಆ ಚಿತ್ರಗಳನ್ನು ಹಾಕಿ, ಕೊನೆಗೆ ಬೆಕ್ಕಿನ ಮುಖ ನೋಡಿದರೆ ಅದಕ್ಕೆ ಅವಮಾನವಾದಂತಿದೆ, ವಿಜ್ಞಾನದಲ್ಲಿ ಆಸಕ್ತಿ ಇದ್ದಂತಿಲ್ಲ ಅಂತ ತಮಾಷೆ ಮಾಡಿತ್ತು. ವಿಜ್ಞಾನಕ್ಕೆ ಲಾಭವಾಯಿತು, ಸರಿ. ಆದರೆ ನಾವು ಮನೆಯಲ್ಲಿ ಅದನ್ನು ಮತ್ತೆ ಮಾಡಿ ನೋಡಬೇಕಾಗಿಲ್ಲ. ಬೆಕ್ಕಿನ ಬೆನ್ನ ಹಿಂದೆ ಸೌತೆಕಾಯಿ ಇಟ್ಟು ಅದು ಬೆಚ್ಚಿ ಹಾರುವ ವಿಡಿಯೋ ಮಾಡುವುದೂ ಇದೇ ಜಾತಿಯದು, ಅದರಲ್ಲಿ ವಿಜ್ಞಾನವೂ ಇಲ್ಲ.

ಹಾಗಾದರೆ ಬೆಳಕು ಮತ್ತು ಎಚ್ಚರ ಎರಡೂ ಕೂಡುವ ಹೊತ್ತು ಯಾವುದು? ಉತ್ತರ ಸಿಕ್ಕಿದ್ದು ದೊಡ್ಡಮ್ಮನ ನಡುಮನೆಯಲ್ಲಿ. ಹೆಂಚಿನ ಮನೆ, ಮಾಡಿನಲ್ಲಿ ಒಂದು ಗಾಜಿನ ಹೆಂಚು ಇದೆ. ಬಿಸಿಲು ಅದರಿಂದ ಇಳಿದು ನೆಲದ ಮೇಲೆ ಒಂದು ಚೌಕ ಬೀಳುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಆ ಚೌಕವೂ ಸರಿಯುತ್ತದೆ. ಕೆಂಚ ಅದರ ಜೊತೆಗೇ ಸರಿಯುತ್ತದೆ. ಒಂಬತ್ತಕ್ಕೆ ಒರಳಿನ ಪಕ್ಕ, ಹತ್ತೂವರೆಗೆ ರಾಗಿ ಚೀಲದ ಮೇಲೆ, ಆಮೇಲೆ ಕಂಬದ ಬುಡ.

ಇದಕ್ಕೂ ಕಾರಣ ಇದೆ. ಬೆಕ್ಕಿನ ಮೈ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಹಾಯೆನಿಸುವ ಸುತ್ತಲಿನ ಶಾಖ 30 ಡಿಗ್ರಿಗಿಂತ ಮೇಲೆ. ನಮಗೆ ಹಿತವಾದ ಸಂಕ್ರಾಂತಿಯ ಬೆಳಗು ಅದಕ್ಕೆ ಚಳಿ. ಅದಕ್ಕೇ ಬಿಸಿಲ ಚೌಕ, ಅದಕ್ಕೇ ಬಚ್ಚಲ ಒಲೆಯ ಬೂದಿ. ಒಲೆಯಲ್ಲಿ ಬೆಕ್ಕು ಮಲಗಿದೆ ಅಂದರೆ ನಮ್ಮಲ್ಲಿ ಬಡತನದ ಮಾತು. ಬೆಕ್ಕಿನ ಲೆಕ್ಕದಲ್ಲಿ ಅದೇ ಐಷಾರಾಮ.

ಒಮ್ಮೆ ಇದು ಗೊತ್ತಾದರೆ ಬೆಕ್ಕಿನ ಹಿಂದೆ ಓಡುವ ಕೆಲಸ ಇಲ್ಲ. ಚೌಕ ಮುಂದೆ ಎಲ್ಲಿಗೆ ಬರುತ್ತದೆ ಅಂತ ನೋಡಿಕೊಂಡು, ಬೆಕ್ಕಿಗಿಂತ ಮೊದಲೇ ಅಲ್ಲಿ ಹೋಗಿ ಕೂರಬೇಕು. ನಾವು ಅದರ ಬಳಿಗೆ ಹೋದರೆ ಅದು ಎದ್ದು ಹೋಗುತ್ತದೆ. ನಾವು ಕೂತ ಕಡೆಗೆ ಅದೇ ಬಂದರೆ ಅಲ್ಲೇ ಉಳಿಯುತ್ತದೆ.

ಆದರೆ ನೇರ ಬಿಸಿಲ ಚೌಕದಲ್ಲಿ ಅರ್ಧ ಮೈ ಬೆಳ್ಳಗೆ ಸುಟ್ಟಂತೆ, ಅರ್ಧ ಕಪ್ಪಾಗಿ ಬರುತ್ತದೆ. ಚೌಕದ ಅಂಚಿನಲ್ಲಿ, ನೆಲದಿಂದ ಎದ್ದ ಬೆಳಕು ಮುಖಕ್ಕೆ ಬೀಳುವ ಕ್ಷಣ ಒಳ್ಳೆಯದು. ಅದಕ್ಕಿಂತ ಸುಲಭದ್ದು ಜಗುಲಿ. ಮೇಲೆ ಮಾಡು, ಮುಂದೆ ತೆರೆದ ಅಂಗಳ. ಬೆಳಕು ಮೆತ್ತಗೆ ಒಂದೇ ಕಡೆಯಿಂದ ಬರುತ್ತದೆ. ತೆಂಗಿನ ತೋಟ ಮಾತ್ರ ಬೇಡವೇ ಬೇಡ. ನೋಡಲು ಚೆಂದ, ಗರಿಗಳ ನಡುವಿನ ಬಿಸಿಲು ಬೆಕ್ಕಿನ ಮೈಮೇಲೆ ಚುಕ್ಕಿ ಚುಕ್ಕಿ ಬಿದ್ದು ಕೆಂಚನನ್ನು ಚಿರತೆ ಮಾಡಿಬಿಡುತ್ತದೆ.

ತುಮಕೂರಿನಲ್ಲಿ ನನ್ನ ಗೆಳೆಯರೊಬ್ಬರ ಮನೆಯಲ್ಲಿ ಕರಿ ಬೆಕ್ಕಿದೆ. ಅಲ್ಲಿ ತೊಂದರೆ ಬೇರೆ ಥರದ್ದು. ಕ್ಯಾಮೆರಾ ತನ್ನ ಮುಂದೆ ಇರುವುದೆಲ್ಲ ನಡುಮಧ್ಯದ ಬೂದು ಬಣ್ಣ ಅಂದುಕೊಂಡು ಬೆಳಕನ್ನು ಅಳೆಯುತ್ತದೆ. ಫ್ರೇಮಿನ ತುಂಬ ಕರಿ ಬೆಕ್ಕು ಇದ್ದರೆ "ಅಯ್ಯೋ ಕತ್ತಲು" ಅಂತ ಬೆಳಕು ಏರಿಸಿ ಬೆಕ್ಕನ್ನು ಬೂದಿ ಬಳಿದಂತೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಅನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಬಿಳಿ ಬೆಕ್ಕಿಗೆ ಉಲ್ಟಾ, ಅಷ್ಟೇ ಏರಿಸಬೇಕು. ಮೊಬೈಲಿನಲ್ಲಾದರೆ ಬೆಕ್ಕಿನ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಮೇಲೆ ಕೆಳಗೆ ಜರುಗಿಸಿದರೆ ಆಯಿತು. ಕರಿ ಬೆಕ್ಕನ್ನು ಕಿಟಕಿಯ ಓರೆ ಬೆಳಕಿನಲ್ಲಿ ನೋಡಿ. ಕಪ್ಪಿನೊಳಗೆ ಮಸುಕಾಗಿ ಹುಲಿಪಟ್ಟೆ ಕಾಣುವುದುಂಟು. ಕಿಟಕಿ ಬಿಟ್ಟು ಎಲ್ಇಡಿ ಬಲ್ಬಿನ ಕೆಳಗೆ ತೆಗೆಯುವವರಿಗೆ ಒಂದು ಸೂಚನೆ: ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ವೇಗದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಚಿತ್ರದಲ್ಲಿ ಅಡ್ಡ ಪಟ್ಟೆ ಬರುತ್ತವೆ. 1/100 ಅಥವಾ 1/50ಕ್ಕೆ ಇಳಿದರೆ ಹೋಗುತ್ತವೆ. ಆ ವೇಗಕ್ಕೆ ಬೆಕ್ಕು ಮಲಗಿದ್ದರೇ ಸರಿ.

ದಿಟ್ಟಿಸಿ ನೋಡಬೇಡಿ

ಮೂರನೇ ದಿನವೂ ಕೆಂಚ ಹತ್ತಿರ ಬರದಿದ್ದಾಗ ದೊಡ್ಡಮ್ಮನೇ ಹೇಳಿದರು, "ನೀನು ಹಂಗೆ ಗುರಾಯಿಸಿ ನೋಡಿದ್ರೆ ಯಾರು ಬರ್ತಾರಪ್ಪ? ಸುಮ್ನೆ ಕೂತ್ಕೋ. ಅದರ ಪಾಡಿಗೆ ಅದನ್ನ ಬಿಡು."

ಬೆಕ್ಕುಗಳ ನಡುವೆ ಕಣ್ಣು ಮಿಟುಕಿಸದೆ ದಿಟ್ಟಿಸುವುದು ಜಗಳಕ್ಕೆ ಕರೆ ಕೊಟ್ಟ ಹಾಗೆ. ಎರಡು ಗಂಡು ಬೆಕ್ಕು ಗೋಡೆ ಮೇಲೆ ಎದುರುಬದುರು ಕೂತಿದ್ದನ್ನು ನೋಡಿದವರಿಗೆ ಇದು ಗೊತ್ತು. ಲೆನ್ಸ್ ಅಂದರೆ ಏನು? ರೆಪ್ಪೆಯೇ ಇಲ್ಲದ ದೊಡ್ಡ ಕಪ್ಪು ಕಣ್ಣು. ಅದನ್ನು ನೇರ ಮುಖಕ್ಕೆ ಹಿಡಿದು ನಿಂತರೆ ಬೆಕ್ಕು ಬೇರೆ ಏನು ತಿಳಿದುಕೊಳ್ಳಬೇಕು?

ಇದಕ್ಕೆ ಪರಿಹಾರವೂ ಬೆಕ್ಕಿನ ಭಾಷೆಯಲ್ಲೇ ಇದೆ. ನೆಮ್ಮದಿಯಾಗಿರುವ ಬೆಕ್ಕು ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ, ತೆರೆದು, ಮತ್ತೆ ಮುಚ್ಚುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಮನೆಯವರು ಹೀಗೆ ನಿಧಾನ ಕಣ್ಣು ಮಿಟುಕಿಸಿದರೆ ಬೆಕ್ಕೂ ಮಿಟುಕಿಸುವುದು ಜಾಸ್ತಿ. ಗುರುತಿಲ್ಲದವರು ಹೀಗೆ ಮಾಡಿ ಕೈ ಚಾಚಿದರೂ, ಬೆಕ್ಕು ಹತ್ತಿರ ಬರುವುದು ಜಾಸ್ತಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಮ್ಮಲ್ಲಿದೆ. ಇಲ್ಲಿ ಕಣ್ಣು ಮುಚ್ಚಬೇಕಾದವರು ನಾವು.

ನಾನು ಮಾಡಿದ್ದು ಇಷ್ಟು. ಜಗುಲಿಯ ಮೇಲೆ ಕೆಂಚನಿಗೆ ಅಡ್ಡವಾಗಿ ಕೂತೆ, ಎದುರಾಗಿ ಅಲ್ಲ. ಕ್ಯಾಮೆರಾವನ್ನು ಪಕ್ಕದಲ್ಲಿ ನೆಲದ ಮೇಲೆ ಇಟ್ಟೆ. ಅವರೆಕಾಯಿ ಸುಲಿಯುತ್ತಾ ಕೂತೆ. ಜನವರಿಯಲ್ಲಿ ನಮ್ಮ ಕಡೆ ಆ ಕೆಲಸಕ್ಕೆ ಬರಗಾಲ ಇಲ್ಲ. ಆಗಾಗ ಅದರ ಕಡೆ ನೋಡಿ ಕಣ್ಣು ನಿಧಾನ ಮುಚ್ಚಿ ತೆರೆದೆ. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಕೆಂಚ ಬಂದು ಕ್ಯಾಮೆರಾದ ಪಟ್ಟಿ ಮೂಸಿತು. ಕೆನ್ನೆಯನ್ನು ಲೆನ್ಸಿನ ಅಂಚಿಗೆ ಉಜ್ಜಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ಉಜ್ಜಿದರೆ "ಇದು ನಮ್ಮದು" ಅಂತ ಗುರುತು ಹಾಕಿದಂತೆ. ಲೆನ್ಸ್ ಒರೆಸಿಕೊಳ್ಳಲು ಹೋಗಬೇಡಿ, ಕನಿಷ್ಠ ಅವತ್ತು.

ಕಿವಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮಗೆ 20 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 20 ಸಾವಿರ ಕಂಪನದ ಕೀರಲು ಸದ್ದಿನ ತನಕ ಕೇಳುತ್ತದೆ, ಬೆಕ್ಕಿಗೆ 60ಕ್ಕೂ ಮೇಲೆ. ಇಲಿಮರಿಗಳ ಸಣ್ಣ ಕೂಗು ಅಷ್ಟು ಮೇಲಿನದು. ಲೆನ್ಸಿನ ಮೋಟಾರು, ಹಳೇ ಕ್ಯಾಮೆರಾದ ಕನ್ನಡಿ ಎದ್ದು ಬೀಳುವ ಸದ್ದು ನಮಗೆ ಸಣ್ಣದು, ಅದಕ್ಕೆ ಅಷ್ಟು ಸಣ್ಣದಲ್ಲ. ಸೈಲೆಂಟ್ ಶಟರ್ ಇದ್ದರೆ ಹಾಕಿ, ಮೊಬೈಲಿನ ಕ್ಲಿಕ್ ಸದ್ದು ತೆಗೆದುಬಿಡಿ. ಕ್ಯಾಮೆರಾ ಕಡೆ ನೋಡಲಿ ಅಂತ ಹೆಸರು ಕೂಗುವವರಿದ್ದಾರೆ. ಬೆಕ್ಕಿಗೆ ತನ್ನ ಹೆಸರು ಬೇರೆ ಮಾತುಗಳಿಂದ ಬೇರೆಯಾಗಿ ಗೊತ್ತಾಗುತ್ತದೆ ಅಂತ ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಗೊತ್ತಾಗುವುದು ಬೇರೆ, ತಿರುಗುವುದು ಬೇರೆ. ಕೆಂಚನಿಗಂತೂ ಎರಡು ಹೆಸರು, ಎರಡಕ್ಕೂ ತಿರುಗುವುದಿಲ್ಲ. ಒಣಗಿದ ಎಲೆಯನ್ನು ಬೆರಳಲ್ಲಿ ಚರಚರ ಅನ್ನಿಸಿದರೆ ಎರಡೂ ಕಿವಿ ಮುಂದೆ ಬರುತ್ತವೆ. ಆದರೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಮೂರನೇ ಸಲಕ್ಕೆ ಎಲೆ ಬರೀ ಎಲೆ ಅಂತ ಅದಕ್ಕೆ ಗೊತ್ತಾಗಿರುತ್ತದೆ.

ಸಾಕು ಅಂತ ಬೆಕ್ಕು ಹೇಳುತ್ತದೆ, ನಾವು ಓದಬೇಕು. ನಾಯಿ ನೋಡಿ ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ನಾಯಿ ಬಾಲ ಆಡಿಸಿದರೆ ಸಾಮಾನ್ಯವಾಗಿ ಖುಷಿ. ಬೆಕ್ಕು ಬಾಲವನ್ನು ಪಟಪಟ ನೆಲಕ್ಕೆ ಬಡಿದರೆ ಸಿಟ್ಟು ಏರುತ್ತಿದೆ ಅಂತ. ಬಾಲ ಕೋಲಿನಂತೆ ನೆಟ್ಟಗೆ ಎತ್ತಿ ಬಂದರೆ ಸ್ನೇಹ. ಕಿವಿ ಎರಡೂ ಪಕ್ಕಕ್ಕೆ ಚಪ್ಪಟೆಯಾದರೆ, ಬೆನ್ನ ಚರ್ಮ ತಾನಾಗಿ ಅದುರಿದರೆ, ತಿನ್ನದೆಯೇ ಮೂಗು ನೆಕ್ಕಿಕೊಂಡರೆ, ಅಲ್ಲಿಗೆ ಕ್ಯಾಮೆರಾ ಕೆಳಗಿಡಿ. ಅಡಗಿ ಕೂತ ಜಾಗದಿಂದ ಎಳೆದು ಹೊರಗೆ ತರುವುದು, ಓಡಿಹೋಗುವ ದಾರಿಗೆ ಅಡ್ಡ ಕೂರುವುದು, ಮಕ್ಕಳ ಕೈಗೆ ಕೊಟ್ಟು "ಗಟ್ಟಿ ಹಿಡ್ಕೋ" ಅನ್ನುವುದು ಬೇಡ. ಟೋಪಿ, ಲಂಗ, ಕನ್ನಡಕ ಹಾಕುವ ಚಾಳಿಯೂ ಹಳೆಯದೇ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹ್ಯಾರಿ ಪಾಯಿಂಟರ್ ಎಂಬ ಛಾಯಾಗ್ರಾಹಕ 1870ರ ದಶಕದಲ್ಲೇ ಬೆಕ್ಕುಗಳನ್ನು ಟೀ ಕುಡಿಯುವಂತೆಲ್ಲ ಕೂರಿಸಿ ಫೋಟೋ ಮಾರುತ್ತಿದ್ದ. ನನಗೆ ಆ ಫೋಟೋಗಳಲ್ಲಿ ಕಾಣುವುದು ಬೆಕ್ಕಿಗಿಂತ ಜಾಸ್ತಿ ಮನುಷ್ಯರ ಆಸೆ. ಒಂದು ಚೂರು ಮೀನಿನ ಲಂಚ ತಪ್ಪಲ್ಲ. ಹಾಲನ್ನು ಮಾತ್ರ ಬಟ್ಟಲುಗಟ್ಟಲೆ ಕೊಡಬೇಡಿ, ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಈ ಮಾತನ್ನು ದೊಡ್ಡಮ್ಮನಿಗೆ ಹೇಳಿ ನಾನು ಬೈಸಿಕೊಂಡಿದ್ದೇನೆ, ನೀವು ನಿಮ್ಮ ಮನೆಯಲ್ಲಿ ನೋಡಿಕೊಂಡು ಹೇಳಿ.

ಬೀದಿ ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ಚೆನ್ನಾಗಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ.

ಮರಿಗಳ ಬಗ್ಗೆ ಒಂದು ಮಾತು ಇದೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಏಳೋ ಎರಡೋ, ಜಾಗ ಸುರಕ್ಷಿತ ಅಲ್ಲ ಅನ್ನಿಸಿದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊರಡುವುದು ನಿಜ. ಅದಕ್ಕೆ ಹಾಗೆ ಅನ್ನಿಸುವುದು ಬಹಳ ಸಲ ನಮ್ಮಿಂದಲೇ, ನಾವು ದಿನಕ್ಕೆ ಹತ್ತು ಸಲ ಬಣವೆ ಸಂದಿಗೆ ಮೊಬೈಲ್ ತೂರಿಸುವುದರಿಂದ. ಮರಿ ಕಣ್ಣು ಬಿಡುವುದೇ ಒಂದು ಒಂದೂವರೆ ವಾರಕ್ಕೆ. ಆಗ ಎಲ್ಲ ಮರಿಗಳ ಕಣ್ಣೂ ನೀಲಿ, ನಿಜವಾದ ಬಣ್ಣ ತಿರುಗಲು ಶುರುವಾಗುವುದೇ ಸುಮಾರು ಒಂದೂವರೆ ತಿಂಗಳಿಗೆ. ಹುಟ್ಟಿದ ಎರಡರಿಂದ ಏಳು ವಾರದ ನಡುವೆ ಮರಿಗಳು ಏನನ್ನು ನೋಡಿ ಬೆಳೆಯುತ್ತವೋ ಅದಕ್ಕೆ ದೊಡ್ಡದಾದ ಮೇಲೆ ಅಷ್ಟಾಗಿ ಹೆದರುವುದಿಲ್ಲ. ತಾಯಿ ತಾನಾಗಿ ಮರಿಗಳನ್ನು ಹೊರಗೆ ಕರೆತಂದ ಮೇಲೆ ಕ್ಯಾಮೆರಾ ಪಕ್ಕದಲ್ಲಿಟ್ಟುಕೊಂಡು ದಿನಾ ಸ್ವಲ್ಪ ಹೊತ್ತು ಕೂತರೆ, ಮುಂದೆ ಅವು ಲೆನ್ಸಿನ ಪಟ್ಟಿ ಹಿಡಿದು ಜಗ್ಗಾಡುವ ಬೆಕ್ಕುಗಳಾಗುತ್ತವೆ.

ಕೆಂಚನ ಫೋಟೋ ಸಿಕ್ಕಿದ್ದು ನಾನು ಹೊರಡುವ ದಿನ. ಬೆಳಗ್ಗೆ ಏಳೂಕಾಲು. ಜಗುಲಿಯ ಮೇಲೆ ಹೊಟ್ಟೆ ಕೆಳಗಾಗಿ ಮಲಗಿದ್ದೆ, ಲೆನ್ಸ್ ಅದರ ಕಣ್ಣಿನ ಮಟ್ಟಕ್ಕೆ ಬರಲಿ ಅಂತ. ಮೇಲಿಂದ ತೆಗೆದರೆ ಬೆಕ್ಕು ಬೆನ್ನು ಮತ್ತು ಹಣೆ ಅಷ್ಟೇ. ಹಾಲಿನವರು ಬಂದು "ಏನಾಯ್ತು ಸಾರ್, ಬಿದ್ರಾ?" ಅಂತ ಕೇಳಿದರು. 85 ಎಂಎಂ, ಎಫ್/4, 1/250, ಐಎಸ್ಒ 1600. ಅಂಗಳದಲ್ಲಿ ಹಾಲಿನ ಕ್ಯಾನು ಟಣ್ ಅಂದಿತು, ಕೆಂಚ ಆ ಕಡೆ ತಿರುಗಿತು, ಹರಿದ ಎಡಗಿವಿ ಸರಿಯಾಗಿ ಬೆಳಕಿಗೆ ಬಂತು.

ದೊಡ್ಡಮ್ಮ ಅದನ್ನು ತಿಪಟೂರಿನಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು. ಮಾರನೇ ಭಾನುವಾರ ಫೋನ್ ಬಂತು. ಪಕ್ಕದ ಮನೆಯವರು ಬಂದಿದ್ದರಂತೆ. ಫೋಟೋ ಮುಂದೆ ಬಹಳ ಹೊತ್ತು ನಿಂತಿದ್ದರಂತೆ.

"ಏನಂದ್ರು ದೊಡ್ಡಮ್ಮ?"

"ನಮ್ಮ ಸಿದ್ದ ಎಷ್ಟು ಚೆನ್ನಾಗಿ ಬಂದವ್ನೆ, ನಿಮ್ಮ ಹುಡುಗನಿಗೆ ಹೇಳಿ ನಮಗೂ ಒಂದು ಹಾಕಿಸ್ಕೊಡಿ ಅಂದ್ರು ಕಣಪ್ಪ."